ಸಹಾಯ ಬೇಕು: ಮಂಗಳೂರಿನಲ್ಲಿ ಜೆರೆಷ್ಕ್ (ಇರಾನಿ ಅಡುಗೆಯ ಹುಳಿ ಒಣಹಣ್ಣು) ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪ ದುಬೈಯಲ್ಲಿ, ಇರಾನಿ ಹೋಟೆಲೊಂದರ ಅಡುಗೆಮನೆಯಲ್ಲಿ 18 ವರ್ಷ ದುಡಿದವರು. ಈಗ ಸುರತ್ಕಲ್‌ನಲ್ಲಿ ನಮ್ಮೊಂದಿಗಿದ್ದಾರೆ. ಬರುವ ಭಾನುವಾರ ಅವರಿಗೆ 70 ತುಂಬುತ್ತದೆ. ಅವರು ಅಲ್ಲಿ ದಿನವೂ ಮಾಡುತ್ತಿದ್ದ ಜೆರೆಷ್ಕ್ ಪೊಲೊವನ್ನು (ಜೆರೆಷ್ಕ್ ಹಾಕಿದ ಇರಾನಿ ಅನ್ನ) ನಾನೇ ಮಾಡಿ ಬಡಿಸಬೇಕೆಂಬ ಆಸೆ.

ಕೇಸರಿ, ಬಾಸುಮತಿ ಅಕ್ಕಿ ಸಿದ್ಧವಿವೆ. ಪಾತ್ರೆಯ ತಳದಲ್ಲಿ ಹೊಂಬಣ್ಣಕ್ಕೆ ಗರಿಗರಿಯಾಗುವ ಅನ್ನದ ಪದರ, ತಹದೀಗ್, ಅದೂ ಈಗ ಹದಕ್ಕೆ ಬರುತ್ತಿದೆ (ಇರಾನಿಯರ ಮನೆಯಲ್ಲಿ ಅದಕ್ಕೇ ಪೈಪೋಟಿಯಂತೆ). ಜೆರೆಷ್ಕ್ ಮಾತ್ರ ಇಲ್ಲ. ಒಣದ್ರಾಕ್ಷಿಗಿಂತ ಚಿಕ್ಕದಾದ, ಕೆಂಪು ಬಣ್ಣದ ಹುಳಿ ಒಣಹಣ್ಣು ಅದು. ಹಂಪನಕಟ್ಟೆಯ ಅಂಗಡಿಗಳಲ್ಲಿ ಕೇಳಿದರೆ ಕ್ರ್ಯಾನ್‌ಬೆರಿ ತೋರಿಸುತ್ತಾರೆ; ಸಕ್ಕರೆ ಬೆರೆಸಿದ ಅದು ಇದಕ್ಕೆ ಆಗದು.

ಈ ವಾರ ಗಲ್ಫ್‌ನಿಂದ ಊರಿಗೆ ಬರುವವರು ಯಾರಾದರೂ 100 ಗ್ರಾಂ ತಂದುಕೊಡುವಿರಾ? ಹಣ ಕೊಡುತ್ತೇನೆ, ಬಜಪೆ ವಿಮಾನ ನಿಲ್ದಾಣಕ್ಕೇ ಬರುತ್ತೇನೆ.