ಮೇಲಿಂದ ಕೆರೆ ಕಾಣುವ ಬೆಟ್ಟ: ಸಾವನದುರ್ಗವೋ, ಮಾಕಳಿದುರ್ಗವೋ? ಹೋದವರು ಹೇಳಿ

ಬೆಂಗಳೂರಿನ ವಿಜಯನಗರದಿಂದ: ನವೆಂಬರ್‌ನಲ್ಲಿ ಒಂದು ಭಾನುವಾರ ಅಪ್ಪ (63) ಮತ್ತು ಮಗಳ (9) ಜೊತೆ ಹೋಗಬೇಕು. ತುದಿಯಿಂದ ಕಾಡೂ ಕಾಣಬೇಕು, ನೀರೂ ಕಾಣಬೇಕು. ಅಪ್ಪನಿಗೆ ಸ್ವಲ್ಪ ಮಂಡಿ ನೋವಿದೆ. ಯಾವುದು ಆದೀತು?

ಮಾಗಡಿ ರೋಡ್: ಸಾವನದುರ್ಗ. ನಾನು ಏಳು ಸಲ ಹತ್ತಿದ್ದೇನೆ. 1226 ಮೀಟರ್, ಬರೀ ಬಂಡೆ. ತುದಿಯ ನಂದಿ ಮಂಟಪದ ಹತ್ತಿರ ಕೂತರೆ ಒಂದು ಕಡೆ ಮಂಚನಬೆಲೆ, ಇನ್ನೊಂದು ಕಡೆ ತಿಪ್ಪಗೊಂಡನಹಳ್ಳಿ, ಎರಡೂ ಕಡೆ ಜಲಾಶಯ. ಮೊದಲ ಸಲ ಹೋಗಿದ್ದು ಆಗಸ್ಟ್‌ನಲ್ಲಿ. ಮಳೆ ನಿಂತು ಒಂದು ಗಂಟೆಯಾಗಿತ್ತು. ಬಂಡೆ ಮೇಲೆ ನೀರು ಇಳಿದ ಕಪ್ಪು ಗೆರೆ ಇರುತ್ತದೆ ಅಲ್ವಾ, ಅದರ ಮೇಲೆ ಕಾಲಿಟ್ಟೆ. ಪಾಚಿ. ಹತ್ತು ಅಡಿ ಜಾರಿದೆ. ಎಡ ಮಣಿಕಟ್ಟು ಮುರಿಯಿತು. ಮಾಗಡಿಗೆ ಆಟೋ 700, ಎಕ್ಸ್‌ರೇ 450, ಪ್ಲಾಸ್ಟರ್ 3,200. ಶೂ ತೊಗೊಂಡು ಒಂದೇ ತಿಂಗಳು, 2,800 ಕೊಟ್ಟಿದ್ದೆ, ಅಟ್ಟೆ ಕಿತ್ತು ಬಂತು. ಆರು ವಾರ ಬಲಗೈಯಲ್ಲೇ ಎಲ್ಲಾ ಕೆಲಸ. ಪ್ಲಾಸ್ಟರ್ ಬಿಚ್ಚಿದ ಮುಂದಿನ ತಿಂಗಳೇ ಮತ್ತೆ ಹತ್ತಿದೆ. ಬಿಳಿ ಬಾಣದ ಗುರುತು ಬಿಡಬೇಡಿ.

ಮಲ್ಲೇಶ್ವರ: ಮಂಡಿ ನೋವಿನವರಿಗೆ ಸಾವನದುರ್ಗ ಹೇಳ್ತೀರಲ್ಲ ಸಾರ್! ನಾವು ಮಾಕಳಿದುರ್ಗಕ್ಕೆ ಹೋಗಿದ್ದು ರೈಲಿನಲ್ಲಿ. ಹಿಂದೂಪುರದ ಪ್ಯಾಸೆಂಜರ್ ಅಲ್ಲೇ ನಿಲ್ಲುತ್ತದೆ. ಪೆಟ್ರೋಲ್ ಇಲ್ಲ, ಪಾರ್ಕಿಂಗ್ ಇಲ್ಲ. ಮೇಲೆ ಹಳೇ ಕೋಟೆ, ಈಶ್ವರನ ಗುಡಿ, ಕೆಳಗೆ ಗುಂಡಮಗೆರೆ ಕೆರೆ. ರೈಲು ತಿರುವಿನಲ್ಲಿ ಕಂಬಳಿಹುಳದ ಹಾಗೆ ಹೋಗುವುದನ್ನು ನನ್ನ ಮಗ ಅರ್ಧ ಗಂಟೆ ಕಾದು ನೋಡಿದ. ಅದಕ್ಕೂ ಮುಂಚೆ ಒಂದು ಸಲ ಆನ್‌ಲೈನ್ ಬುಕಿಂಗ್ ಮಾಡದೆ ಹೋಗಿ ಬುಡದಿಂದಲೇ ವಾಪಸ್ ಬಂದಿದ್ದೆವು. ನಮ್ಮದೇ ತಪ್ಪು. ನಾಲ್ಕು ಗಂಟೆಗೆ ಎದ್ದು ಕಟ್ಟಿದ ಚಿತ್ರಾನ್ನ ಪ್ಲಾಟ್‌ಫಾರ್ಮ್ ಮೇಲೆ ತಿಂದೆವು. ಆ ಬೇಜಾರು ಇನ್ನೂ ಹೋಗಿಲ್ಲ.

ಮಾಗಡಿ ರೋಡ್: ಅಕ್ಕ, ಮಾಕಳಿದುರ್ಗವೇನು ಮೆಟ್ಟಿಲು ಕಟ್ಟಿದ ಬೆಟ್ಟವಾ? ಅಲ್ಲೂ ಜಲ್ಲಿಕಲ್ಲು ಜಾರುತ್ತದೆ. ನೆರಳೂ ಇಲ್ಲ.

ಬನಶಂಕರಿ: ಒಂದು ಟ್ರೆಕ್ಕಿಂಗ್ ಕಂಪನಿಯವರಿಗೆ ತಲೆಗೆ 1,499ರಂತೆ ನಾಲ್ವರಿಗೆ 5,996 ಕಟ್ಟಿದೆ. ರಾತ್ರಿ ಹತ್ತಿಸಿ ಸೂರ್ಯೋದಯ ತೋರಿಸುತ್ತೇವೆ ಅಂದರು. ರಾತ್ರಿ ಹತ್ತಲು ಬಿಡುವುದಿಲ್ಲ ಅಂತ ಬುಡದಲ್ಲಿ ಗೊತ್ತಾಯಿತು. ಬೆಳಗಿನವರೆಗೆ ಟೆಂಪೋದಲ್ಲಿ ಕೂತೆವು. ಹನ್ನೊಂದು ಸಲ ಫೋನ್ ಮಾಡಿದೆ, ಒಂದು ರೂಪಾಯಿ ವಾಪಸ್ ಬಂದಿಲ್ಲ.

ಯಲಹಂಕ: ಸುಮ್ನೆ ನಂದಿ ಬೆಟ್ಟಕ್ಕೆ ಹೋಗಿ. 1478 ಮೀಟರ್, ಗಾಡಿ ಮೇಲಿನ ತನಕ ಹೋಗುತ್ತದೆ. ನಮ್ಮತ್ತೆಯನ್ನು ಕರೆದುಕೊಂಡು ಹೋದಾಗ ಗೇಟ್ ಹತ್ತಿರ ಎರಡು ಗಂಟೆ ಸಾಲು. ಮೇಲೆ ಒಂಬತ್ತರವರೆಗೂ ಮಂಜು, ಪಕ್ಕದಲ್ಲಿದ್ದ ಅತ್ತೆಯ ಮುಖವೂ ಸರಿಯಾಗಿ ಕಾಣಲಿಲ್ಲ. ಆದರೆ ಮಂಜು ಸರಿದ ಮೇಲೆ ಅವರು ನನ್ನ ಕೈ ಹಿಡಿದುಕೊಂಡು ನಿಂತರು. ಅಷ್ಟು ಸಾಕಾಯಿತು ನನಗೆ.

ಕೆಂಗೇರಿ: ಸಾವನದುರ್ಗದಲ್ಲಿ ಕೋತಿ ನನ್ನ ಹೆಂಡತಿಯ ಬ್ಯಾಗ್ ಹರಿದು ಕನ್ನಡಕ ತೊಗೊಂಡು ಹೋಯಿತು. 4,600 ರೂಪಾಯಿಯದು. ಇಳಿಯುವಾಗ ಅವಳು ಪ್ರತಿ ಹೆಜ್ಜೆಯನ್ನೂ ನನ್ನ ಹೆಗಲು ಹಿಡಿದೇ ಇಟ್ಟಳು.

ಮಾಗಡಿ ರೋಡ್: ಬ್ಯಾಗಲ್ಲಿ ಬಿಸ್ಕತ್ತು ಇತ್ತಾ?

ಕೆಂಗೇರಿ: ಇತ್ತು. ಮಕ್ಕಳಿಗೆ. ಕೋತಿಗೆ ಬಿಸ್ಕತ್ತು ಹಾಕಿ ರೂಢಿ ಮಾಡಿಸಿದವರು ನಿಮ್ಮಂಥ ಏಳು ಸಲದವರೇ.

ಮಾಗಡಿ ರೋಡ್: ನಾನು ಒಂದು ಕಡಲೆಬೀಜ ಕೂಡ ಹಾಕಿಲ್ಲ. ಮಾತು ಹಿಂದೆ ತೊಗೊಳ್ಳಿ.

ಮಲ್ಲೇಶ್ವರ: ಕೋತಿ ವಿಷಯ ಬಿಡಿ. ಅವರು ಕೆರೆ ಕಾಣಬೇಕು ಅಂದರು. ಮಂಚನಬೆಲೆ, ತಿಪ್ಪಗೊಂಡನಹಳ್ಳಿ ಎರಡೂ ಡ್ಯಾಮು. ಗುಂಡಮಗೆರೆ ನಿಜವಾದ ಕೆರೆ.

ಮಾಗಡಿ ರೋಡ್: ತಲೆಬರಹದಲ್ಲಿ ಕೆರೆ ಅಂದರೂ ಅವರು ಒಳಗೆ ಕೇಳಿದ್ದು "ನೀರು". ಇನ್ನೊಂದು ಸಲ ಓದಿ. ತಿಪ್ಪಗೊಂಡನಹಳ್ಳಿ ನೀರು 1933ರಲ್ಲಿ ಬೆಂಗಳೂರಿಗೆ ಬರಲು ಶುರುವಾಯಿತು. ನಮ್ಮ ತಾತನ ಮನೆ ನಲ್ಲಿಯಲ್ಲಿ ಅದೇ ಬರುತ್ತಿತ್ತು. ಅದನ್ನು ಬರೀ ಡ್ಯಾಮು ಅನ್ನಬೇಡಿ.

ಮಲ್ಲೇಶ್ವರ: ಡ್ಯಾಮನ್ನು ಡ್ಯಾಮು ಅನ್ನದೆ ಏನನ್ನಲಿ ಸಾರ್?