ಸಹಾಯ ಬೇಕು: ಚಡಾವು ಹತ್ತಿದರೆ ಇಂಜಿನ್ ಬಿಸಿ, ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಿಸಬೇಕಾ?

ಊರು ಬದಿಯಡ್ಕ ಹತ್ತಿರ. 1998ರ ಪೆಟ್ರೋಲ್ ಕಾರು. ಕುಂಬಳೆ ಕಡೆ ಸಪಾಟು ರಸ್ತೆಯಲ್ಲಿ ತೊಂದರೆಯಿಲ್ಲ. ಎಸಿ ಹಾಕಿ ಚಡಾವು ಹತ್ತಿದರೆ ಸಾಕು, ಟೆಂಪರೇಚರ್ ಮುಳ್ಳು ಸೀದಾ ಕೆಂಪಿಗೆ.

ಥರ್ಮೋಸ್ಟಾಟ್ (ಕೂಲಂಟ್ ಹರಿವು ನಿಯಂತ್ರಿಸುವ ವಾಲ್ವ್) ಹೊಸತು. ರೇಡಿಯೇಟರ್ ಕ್ಲೀನ್ ಮಾಡಿಸಿ ಕೂಲಂಟ್ ಬದಲಿಸಿದ್ದೇನೆ. ಫ್ಯಾನೂ ತಿರುಗುತ್ತದೆ. ಆದರೆ ಆಕ್ಸಿಲರೇಟರ್ ಕೊಟ್ಟಾಗ ಕೂಲಂಟಿನ ರಿಸರ್ವ್ ಡಬ್ಬದಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಇಂಜಿನ್ ತಣಿದರೂ ಡಬ್ಬದ ಕೂಲಂಟ್ ವಾಪಸ್ ಹೋಗುವುದಿಲ್ಲ. ಬಿಳಿ ಹೊಗೆ ಇಲ್ಲ, ಆಯಿಲ್ ಬಣ್ಣವೂ ಸರಿ ಇದೆ.

ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಇಂಜಿನ್ ಬ್ಲಾಕ್‌ಗೂ ನಡುವಿನ ಸೀಲ್) ಹೋಗಿದೆ ಅಂತಾರೆ. ಇನ್ನೊಬ್ಬರು ಒಳಗೆ ಗಾಳಿ ಸೇರಿದೆ, ರೇಡಿಯೇಟರ್ ಮುಚ್ಚಳ ಬದಲಿಸಿ ಸಾಕು ಅಂತಾರೆ. ಸುಮ್ನೆ ಹೆಡ್ ಬಿಚ್ಚಿಸಿದರೆ ಖರ್ಚು ಜಾಸ್ತಿ, ಅಲ್ವಾ?

ಬಿಚ್ಚದೆಯೇ, ಈ ಗುಳ್ಳೆ ಬರೀ ಗಾಳಿಯದ್ದೋ ಸಿಲಿಂಡರ್ ಗ್ಯಾಸಿನದ್ದೋ ಅಂತ ತಿಳಿಯುವುದು ಹೇಗೆ? ಆ ಟೆಸ್ಟ್ ಕಾಸರಗೋಡು, ಪುತ್ತೂರು ಕಡೆ ಯಾರಾದರೂ ಮಾಡುತ್ತಾರಾ?