ಹೆಂಡತಿಗೆ ಒಂದು ಕವನ ಬರೆಯಬೇಕು, ಬರೆದವರು ಹೇಗೆ ಬರೆದ್ರಿ?

ಕೇಳಿದವರು: ದಾವಣಗೆರೆ, ದಲಾಲಿ ಅಂಗಡಿ ಗುಮಾಸ್ತ

ಎಪಿಎಂಸಿ ಯಾರ್ಡಿನಲ್ಲಿ ಲೆಕ್ಕ ಬರೆಯುತ್ತೇನೆ. ಬರುವ ಹದಿನಾಲ್ಕಕ್ಕೆ ನಮ್ಮ ಮದುವೆಯಾಗಿ ಆರು ವರ್ಷ. ಏನು ಕೊಡಿಸಲಿ ಅಂತ ಕೇಳಿದ್ದಕ್ಕೆ, "ಸೀರೆ ಬೇಡ, ನನ್ನ ಮೇಲೆ ಒಂದು ಕವನ ಬರೆದುಕೊಡ್ರಿ" ಅಂದಳು. ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ಗೊತ್ತಾಗಲಿಲ್ಲ. ಆದರೆ ಆಮೇಲೆ ಎರಡು ಸಲ ನೆನಪಿಸಿದ್ದಾಳೆ. ನಾನು ಚೀಲ, ತೂಕ, ಹಮಾಲಿ ಬಿಟ್ಟು ಬೇರೇನೂ ಬರೆದವನಲ್ಲ. ನಾಲ್ಕು ರಾತ್ರಿ ಕೂತು ಇಷ್ಟಾಗಿದೆ:

ನೀನೇ ನನ್ನ ಬಾಳ ಚಂದಿರ
ನಿನ್ನ ಮನಸೇ ಪ್ರೀತಿ ಮಂದಿರ
ನಿನ್ನ ಮೊಗವು ಎಷ್ಟು ಸುಂದರ

ನಾಲ್ಕನೇ ಸಾಲಿಗೆ "ಹಂದರ" ಬಿಟ್ಟು ಏನೂ ಸಿಗುತ್ತಿಲ್ಲ. ಅನುಭವ ಇದ್ದವರು ದಾರಿ ತೋರಿಸಿ.

ಹರಿಹರದಿಂದ ಒಬ್ಬರು

ಅಣ್ಣ, ಒಂದೇ ಮಾತು. ಫೋನಿನ ಆ್ಯಪ್‌ಗೆ ಹೇಳಿ ಬರೆಸಬೇಡ. ನಾನು ನಿಶ್ಚಿತಾರ್ಥ ಆದ ಹೊಸತರಲ್ಲಿ ಬರೆಸಿದೆ. ಅರ್ಧ ನಿಮಿಷದಲ್ಲಿ ಇಪ್ಪತ್ತು ಸಾಲು ಬಂತು. ಖುಷಿಯಲ್ಲಿ ಪೂರ್ತಿ ಓದದೇ ಕಳಿಸಿಬಿಟ್ಟೆ. ಅದರಲ್ಲಿ ಅವಳ ಕಣ್ಣು ನೀಲಿ ಇತ್ತು. ಇಬ್ಬರೂ ಕೈಕೈ ಹಿಡಿದು ಹಿಮದಲ್ಲಿ ನಡೆಯುತ್ತಿದ್ವಿ. ಆಗ ಏಪ್ರಿಲ್ ತಿಂಗಳು, ಹರಿಹರದಲ್ಲಿ ಹೊಳೆ ಬತ್ತಿ ಬಂಡೆ ಕಾಣುತ್ತಿತ್ತು. "ಈ ನೀಲಿ ಕಣ್ಣಿನವಳು ಯಾರು?" ಅಂತ ಒಂದು ವಾರ ಕೇಳಿದಳು. ಈಗ್ಲೂ ಜಗಳ ಬಂದರೆ ಅವಳ ಹೆಸರೇ ಮೊದಲು ಬರೋದು.

ಚಿತ್ರದುರ್ಗ, ಬ್ಯಾಂಕ್ ಕೆಲಸ

ಹೋಲಿಕೆ ಕೊಡುವಾಗ ಹುಷಾರು. ನಮ್ಮೂರು ಅಂದರೆ ಕೋಟೆ, ಕೋಟೆ ಅಂದರೆ ಓಬವ್ವ ಅಂತ "ನೀನೇ ನನ್ನ ಒನಕೆ ಓಬವ್ವ" ಅಂತ ಬರೆದುಕೊಟ್ಟೆ. ಹೊಗಳಿಕೆ ಅಂದ್ಕೊಂಡಿದ್ದೆ. "ಅಂದ್ರೆ ನಾನು ಬಾಗಿಲ ಹಿಂದೆ ಒನಕೆ ಹಿಡಿದು ನಿಂತಿರ್ತೀನಾ?" ಅಂದಳು.

ಮಾರನೇ ವರ್ಷ ಬೇರೆ ದಾರಿ ಹಿಡಿದೆ. ಮದುವೆಗೆ ಮುಂಚೆ ನಾವಿಬ್ಬರೂ ಕೋಟೆ ಹತ್ತಿ ಅಕ್ಕ-ತಂಗಿ ಹೊಂಡದ ಹತ್ತಿರ ಕೂತಿದ್ದೆವು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಇಲ್ಲಿಗೆ ಹರಿದುಬರುತ್ತೆ ಅಂತ ಅವತ್ತು ಅವಳೇ ನನಗೆ ಹೇಳಿದ್ದು. ನಾನು ದುರ್ಗದಲ್ಲೇ ಹುಟ್ಟಿದವನು, ನನಗೆ ಗೊತ್ತಿರಲಿಲ್ಲ! ಅದನ್ನೇ ಬರೆದೆ, ಅವಳು ಹೇಳಿಕೊಟ್ಟಳು ಅನ್ನೋದನ್ನೂ ಸೇರಿಸಿ. ಪ್ರಾಸ ಎಲ್ಲೂ ಇರಲಿಲ್ಲ. ಆ ಹಾಳೆ ಇನ್ನೂ ಬೀರುವಿನಲ್ಲಿದೆ. ಓಬವ್ವನ ಹಾಳೆ ಎಲ್ಲಿದೆ ಅಂತ ನಾನು ಕೇಳಿಲ್ಲ.

ಚಿತ್ರದುರ್ಗ, ನಿವೃತ್ತ ಕನ್ನಡ ಮೇಷ್ಟ್ರು

ನಿಮ್ಮ ಮೂರು ಸಾಲನ್ನು ಪಕ್ಕದ ಮನೆಯವರು ಅವರ ಹೆಂಡತಿಗೆ ಕೊಟ್ಟರೂ ನಡೆಯುತ್ತೆ, ಅಲ್ವಾ? ತೊಂದರೆ ಅಲ್ಲೇ ಇದೆ. ಚಂದಿರ ಅಂತ ಬರೆದ ಮೇಲೆ ಮಂದಿರ ಬಂದೇ ಬರುತ್ತೆ, ಅದರ ಬೆನ್ನಿಗೆ ಸುಂದರ. ಅದು ನೀವು ಹೇಳಿದ್ದಲ್ಲ, ಪ್ರಾಸ ನಿಮ್ಮ ಕೈಲಿ ಹೇಳಿಸಿದ್ದು. ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಈ ಮೂವರನ್ನೂ ನೋಡಿದ್ದೇನೆ. ಒಬ್ಬರನ್ನೊಬ್ಬರು ಬಿಟ್ಟು ಬರೋದೇ ಇಲ್ಲ.

ಈಗ ಕವನ ಬಿಡಿ. ನೀವು ಲೆಕ್ಕ ಬರೆಯೋರು, ಲೆಕ್ಕವನ್ನೇ ಬರೆಯಿರಿ. ಒಂದು ವಾರ, ದಿನಕ್ಕೆ ಒಂದು ಸಾಲು. ಎಷ್ಟು ಗಂಟೆ, ಎಲ್ಲಿ, ಅವರು ಏನು ಮಾಡಿದರು, ಏನಂದರು. ಚಂದ, ಪ್ರೀತಿ, ಜೀವ, ಉಸಿರು, ಈ ನಾಲ್ಕು ಪದ ಹಾಕಬಾರದು. ಆ ಹಾಳೆ ಇಲ್ಲಿ ಹಾಕಿ, ಆಮೇಲೆ ನೋಡೋಣ.

ಹಿರಿಯೂರಿನಿಂದ ಒಬ್ಬರು

ನಾಲ್ಕು ಸಾಲೂ ಬೇಕಿಲ್ಲ ಅಂತೀನಿ ನಾನು. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ! ಊರಿಗೆ ಊರೇ ನೋಡೋಕೆ ಹೋಗಿತ್ತು. ನಾವೂ ಹೋಗಿ ಫೋಟೊ ತೆಗೆಸಿಕೊಂಡ್ವಿ. ಮನೆಯವರು ಅದನ್ನು ಪ್ರಿಂಟ್ ಹಾಕಿಸಿ, ಹಿಂದೆ ಪೆನ್ನಲ್ಲಿ ಬರೆದುಕೊಟ್ಟರು: "ನಮ್ಮಪ್ಪ ಕಾದೂ ನೋಡದ ಕೋಡಿ, ನಿನ್ನ ಕೈ ಹಿಡಿದು ನೋಡಿದೆ." ಅಷ್ಟೇ. ಅವರು ಮಾತಾಡೋದೇ ಕಮ್ಮಿ. ಮಾವ ಪ್ರತಿ ಮಳೆಗಾಲ "ಈ ಸಲ ಬೀಳುತ್ತೆ" ಅಂತಿದ್ದರು, ಅದು ಗೊತ್ತಿದ್ದ ನನಗೆ ಆ ಸಾಲು ಓದಿ ಗಂಟಲು ಕಟ್ಟಿತು. ಬೇರೆಯವರಿಗೆ ಅದು ಬರೀ ಡ್ಯಾಮಿನ ಸುದ್ದಿ.

ದಾವಣಗೆರೆ, ಹಳೇಪೇಟೆ ಕಡೆಯವರು

ಗಂಡಸರು ಇಷ್ಟೊಂದು ಒದ್ದಾಡೋದು ನೋಡಿ ನಗು ಬರ್ತಿದೆ. ನಮ್ಮನ್ನು ಮದುವೆ ಮನೆಯಲ್ಲಿ ಹೊಸ್ತಿಲಲ್ಲೇ ತಡೆದು "ಗಂಡನ ಹೆಸರು ಹೇಳು, ಒಳಗೆ ಬಾ" ಅಂದಾಗ ಯಾರು ಟೈಮ್ ಕೊಟ್ಟಿದ್ರು? ನಿಂತ ಜಾಗದಲ್ಲೇ ಒಡಪು ಹೇಳಬೇಕು. ನಾನು ಹೇಳಿದ್ದು ಇದು:

ಬೆಣ್ಣೆ ದೋಸೆ ಬೇಯಬೇಕು ಸೌದೆ ಒಲೆ ಮೇಲೆ
ಇವರ ಹೆಸರು ಬರೆದುಕೊಂಡೆ ನನ್ನ ಅಂಗೈ ಮೇಲೆ

ಹೇಳಿ ಮೆಹಂದಿ ಕೈ ಬಿಚ್ಚಿ ತೋರಿಸಿದೆ, ಹೆಸರು ಅಲ್ಲಿತ್ತು. ಬಾಯಿಬಿಟ್ಟು ಹೇಳಲೇ ಇಲ್ಲ. ತಮ್ಮಾ, ಒಡಪಿನ ಗುಟ್ಟು ಇಷ್ಟೇ: ಮೊದಲ ಸಾಲು ಅಡುಗೆಮನೆದೋ ಹೊಲದ್ದೋ ಇರಬೇಕು, ಎರಡನೇ ಸಾಲಲ್ಲಿ ಮನುಷ್ಯ ಬರಬೇಕು. ನಿನ್ನ ಕವನದಲ್ಲಿ ಬರೀ ಎರಡನೇ ಸಾಲೇ ಇದೆ. ಅದಕ್ಕೇ ಅದು ನೆಲಕ್ಕೆ ಕಾಲೂರ್ತಾ ಇಲ್ಲ.

ದಾವಣಗೆರೆ, ವಿದ್ಯಾನಗರ

ಬರೆದಿದ್ದನ್ನು ಸ್ಟೇಟಸ್ ಹಾಕಬೇಡಿ. ನಾನು ಹಾಕಿದೆ. ಮೊದಲು ನೋಡಿದ್ದು ನಮ್ಮ ಮಾವ. ಎರಡು ಕೈ ಮುಗಿದ ಚಿತ್ರ ಕಳಿಸಿದರು.

ಕೇಳಿದವರು

ಮೇಷ್ಟ್ರೇ, ವಾರ ಪೂರ್ತಿ ಆಗಲಿಲ್ಲ. ಮೆಕ್ಕೆಜೋಳದ ಸೀಸನ್ನು, ಮನೆ ಸೇರೋದು ಲೇಟು. ಮೂರು ದಿನದ್ದು ಹಾಕಿದ್ದೇನೆ.

ಸೋಮವಾರ: ನನ್ನ ಅಂಗಿ ಹಿತ್ತಲಿಗೆ ಒಯ್ದು ಕೊಡವಿದಳು. ಜೋಳದ ಧೂಳಿಗೆ ಮಗು ಕೆಮ್ಮುತ್ತೆ ಅಂತ.

ಮಂಗಳವಾರ: ಅವರಮ್ಮನ ಹತ್ತಿರ ಫೋನಲ್ಲಿ ನನ್ನನ್ನು ಹೊಗಳುತ್ತಿದ್ದಳು. ನಾನು ಬಂದದ್ದು ನೋಡಿರಲಿಲ್ಲ. ನೋಡಿದ ಮೇಲೆ, ಚಪ್ಪಲಿ ಒಳಗೆ ತಂದೆ ಅಂತ ಬೈದಳು.

ಬುಧವಾರ: ನನಗೆ ಬಂದ ಕೂಡಲೇ ಒಂದು ತಟ್ಟೆ ಖಾರ ಮಂಡಕ್ಕಿ ಬೇಕು. ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತೆ, ನಾನು ತಿನ್ನಲ್ಲ. ಅದಕ್ಕೆ ಈರುಳ್ಳಿ ಹೆಚ್ಚಿ ಬೇರೆ ಇಟ್ಟಿರುತ್ತಾಳೆ, ಬೈಕಿನ ಸದ್ದು ಕೇಳಿದ ಮೇಲೇ ಕಲಸೋದು. ತಾನೂ ಅಲ್ಲಿತನಕ ಏನೂ ತಿಂದಿರಲ್ಲ. ಇದು ಆರು ವರ್ಷದಿಂದ ನಡೀತಿದೆ. ಬರೆಯೋಕೆ ಕೂತಾಗಲೇ ನನ್ನ ಗಮನಕ್ಕೆ ಬಂದಿದ್ದು.

ಚಿತ್ರದುರ್ಗ, ನಿವೃತ್ತ ಕನ್ನಡ ಮೇಷ್ಟ್ರು

ಬುಧವಾರ ಸಾಕು. ಉಳಿದ ಎರಡು ಮುಂದಿನ ವರ್ಷಕ್ಕೆ ಇರಲಿ. (ಮಂಗಳವಾರದ್ದು ಜೋಪಾನ, ಅದು ಕತೆ ಆಗಬಹುದು.)

ಸ್ವಲ್ಪ ಮಾತ್ರೆ ಎಣಿಸೋದು ಹೇಳಿಕೊಡುತ್ತೇನೆ, ನಿಮಗೆ ಲೆಕ್ಕ ಕಷ್ಟ ಆಗಲ್ಲ. ಗಿಡ್ಡ ಅಕ್ಷರಕ್ಕೆ ಒಂದು, ಉದ್ದ ಅಕ್ಷರಕ್ಕೆ ಎರಡು. ಮುಂದೆ ಒತ್ತಕ್ಷರ ಇದ್ದರೆ ಅಥವಾ ಅಕ್ಷರದ ಪಕ್ಕ ಸೊನ್ನೆ ಇದ್ದರೆ ಅದಕ್ಕೂ ಎರಡು. "ಮಂಡಕ್ಕಿ": ಮಂ ಎರಡು, ಡ ಎರಡು, ಕ್ಕಿ ಒಂದು. ಐದಾಯಿತು. "ಈರುಳ್ಳಿ" ಎಣಿಸಿ. ಅದೂ ಐದೇ! ನಿಮ್ಮ ಮನೆಯವರು ಎರಡನ್ನೂ ಬೇರೆ ಬೇರೆ ಇಟ್ಟರೂ ತಾಳ ಒಂದೇ ಇದೆ. ಅದೇ ಐದೈದರಲ್ಲಿ ಸಾಲು ಹಿಡಿಯಿರಿ: ಐದು, ಐದು, ಐದು, ಕೊನೆಗೆ ಮೂರು. ಮನಸ್ಸಿನಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಎಲ್ಲಿ ನಾಲಿಗೆ ತಡವರಿಸುತ್ತೋ ಅಲ್ಲಿ ಪದ ಬದಲಿಸಿ. ಪುಸ್ತಕದ ಪದ ಬೇಡ, ಮನೆಯಲ್ಲಿ ಆಡೋ ಮಾತೇ ಬರಲಿ.

ಕೇಳಿದವರು

ಬೈಕ್ ಮೇಲೆ ಹೋಗುತ್ತಾ ಬಾಯಿಬಿಟ್ಟು ಹೇಳಿಕೊಂಡೆ. ಪಿ.ಬಿ. ರೋಡ್ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತಿರುಗಿ ನೋಡಿದ. ಇಷ್ಟಾಯಿತು:

ಮಂಡಕ್ಕಿ ಬೇರೆಯಿದೆ, ಈರುಳ್ಳಿ ಬೇರೆ
ಬೈಕು ಬಂದರೆ ತಾನೆ ಎರಡು ಸೇರೋದು
ಮೆತ್ತಗಾದರೆ ನನಗೆ ಹಿಡಿಸಲ್ಲ ಅಂತ
ಹತ್ತಾದರೂ ನೀನು ಹಸಿದು ಕಾಯೋದು

ಚಿತ್ರದುರ್ಗ, ನಿವೃತ್ತ ಕನ್ನಡ ಮೇಷ್ಟ್ರು

ಒಂದಕ್ಷರ ಮುಟ್ಟಬೇಡಿ. ಇನ್ನೊಂದು ನೋಡಿದಿರಾ? "ಮೆತ್ತ", "ಹತ್ತಾ". ಎರಡೂ ಸಾಲಿನ ಎರಡನೇ ಅಕ್ಷರ "ತ್ತ". ಹಳೆಗನ್ನಡದ ಕವಿಗಳು ಹಟ ಹಿಡಿದು ಪಾಲಿಸಿದ ಪ್ರಾಸ ಇದೇ, ಸಾಲಿನ ಕೊನೆಯದ್ದಲ್ಲ. ನಿಮಗೆ ಕೇಳದೇ ಬಂದುಬಿಟ್ಟಿದೆ.

ದಾವಣಗೆರೆ, ಹಳೇಪೇಟೆ ಕಡೆಯವರು

ಒಡಪಿನ ಲೆಕ್ಕದಲ್ಲೂ ಪಾಸು. ಒಳ್ಳೇ ಹಾಳೆ ಮೇಲೆ ಕೈಯಲ್ಲೇ ಬರೆದುಕೊಡು ತಮ್ಮಾ. ಅಂಗಡಿ ಬಿಲ್ಲಿನ ಹಿಂದೆ ಬೇಡ.

ಕೇಳಿದವರು

ಕೊಟ್ಟೆ. ಎರಡು ಸಲ ಓದಿದಳು. ಏನೂ ಅನ್ನದೆ ಒಳಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದಳು. ಬಂದು, "ಚೆನ್ನಾಗಿದೆ, ಆದ್ರೆ ಸುಳ್ಳು ಬರೆದಿದ್ದೀರಿ. ಹತ್ತಲ್ಲ, ಮೊನ್ನೆ ಹನ್ನೊಂದೂವರೆ ಆಗಿತ್ತು" ಅಂದಳು. ಹನ್ನೊಂದು ಅಂತ ತಿದ್ದೋಣ ಅಂದರೆ "ತ್ತ" ಪ್ರಾಸ ಹೋಗುತ್ತೆ. ಏನು ಮಾಡಲಿ ಮೇಷ್ಟ್ರೇ?

ಚಿತ್ರದುರ್ಗ, ನಿವೃತ್ತ ಕನ್ನಡ ಮೇಷ್ಟ್ರು

ಪ್ರಾಸ ಬಿಡಬೇಡಿ. ಹತ್ತಕ್ಕೆ ಮನೆಗೆ ಹೋಗಿ.